ಬೇಕಲ ಕೋಟೆ: ಉತ್ಸವದ ಗದ್ದಲದಲ್ಲಿ ಮರೆಯಬಾರದ ಇತಿಹಾಸ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವಿದ್ಯಾರ್ಥಿಗಳು ಒಂದು ದಿನದ ಪ್ರವಾಸ ಹೊರಟರೆ ಬೇಕಲದ ಹೆಸರು ಬಾರದಿರುವುದು ಅಪರೂಪ. ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ದೂರದ ಈ ಕೋಟೆಯನ್ನು 1995ರ ‘ಬಾಂಬೆ’ ಚಿತ್ರದ ಹಾಡು ದೇಶಕ್ಕೆಲ್ಲ ತೋರಿಸಿತು. 2022ರ ಡಿಸೆಂಬರಿನಲ್ಲಿ ಕೋಟೆಯ ಸಮೀಪದ ಬೀಚ್ ಪಾರ್ಕಿನಲ್ಲಿ ಬೇಕಲ ಅಂತಾರಾಷ್ಟ್ರೀಯ ಬೀಚ್ ಉತ್ಸವ ಆರಂಭವಾದಾಗ ಜನಸಾಗರವೇ ಸೇರಿತು. ಆದರೆ ಹೋಗಿಬಂದವರಲ್ಲಿ ಎಷ್ಟು ಮಂದಿ ಈ ಕೋಟೆ ನಮ್ಮದೇ ನಾಡಿನ ಚರಿತ್ರೆಯ ಒಂದು ಪುಟವೆಂದು ಬಲ್ಲರು?

ಬೇಕಲ ದ್ವೀಪವಲ್ಲ. ಆದರೂ ಕಡಲಿಗೆ ಚಾಚಿದ ನೆಲದಲ್ಲಿ, ಭೂಮಿಯ ಕಡೆಗೆ ಕಂದಕ ತೋಡಿ ಇದನ್ನು ದ್ವೀಪದಂತೆ ಮಾಡಲಾಗಿದೆ. ಸುಮಾರು 40 ಎಕರೆ ವಿಸ್ತಾರದ ಈ ಮುರಕಲ್ಲಿನ ಕೋಟೆಯನ್ನು 17ನೇ ಶತಮಾನದ ಮಧ್ಯಭಾಗದಲ್ಲಿ ಕಟ್ಟಿಸಿದ ಕೀರ್ತಿ ಕೆಳದಿಯ ಶಿವಪ್ಪ ನಾಯಕನದು. ಕೋಟೆಯ ಕಾವಲಿಗೆ ಬಂದು ಇಲ್ಲಿಯೇ ನೆಲೆಸಿದ ಕನ್ನಡಿಗರೇ ಇಂದಿನ ಕೋಟೆಯಾರರ ಪೂರ್ವಜರು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಬಳಿಕ ಬೇಕಲವೂ ಮೈಸೂರಿನ ಕೈಸೇರಿತು. ಟಿಪ್ಪು ಸುಲ್ತಾನನಿಗೆ ಇದು ಮಲಬಾರಿನತ್ತ ಸಾಗುವ ಸೇನೆಯ ಮುಖ್ಯ ನೆಲೆಯಾಗಿತ್ತು. ಬೆಳ್ತಂಗಡಿಯ ಜಮಾಲಾಬಾದ್ ಕೋಟೆ ಗಟ್ಟದ ದಾರಿಯನ್ನು ಕಾದರೆ, ಬೇಕಲ ಕಡಲ ದಾರಿಯನ್ನು ಕಾಯಿತು. 1799ರಲ್ಲಿ ಟಿಪ್ಪು ಮಡಿದ ನಂತರ ಎರಡೂ ಕಂಪನಿ ಸರಕಾರದ ವಶವಾದವು. ಆ ಆಡಳಿತದಲ್ಲಿ ಕೆನರಾ ಜಿಲ್ಲೆಯ ಒಂದು ತಾಲೂಕಿಗೆ ಬೇಕಲವೆಂದೇ ಹೆಸರಿತ್ತು. 1862ರಲ್ಲಿ ಆ ಸ್ಥಾನಕ್ಕೆ ಕಾಸರಗೋಡು ತಾಲೂಕು ಬಂತು. 1956ರ ನವೆಂಬರ್ 1ರವರೆಗೂ ಕಾಸರಗೋಡು ಮತ್ತು ನಮ್ಮ ಊರುಗಳು ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು.

ಕೋಟೆಯೊಳಗೆ ಅವಸರ ಬೇಡ. ಬತ್ತೇರಿಯ ಗೋಡೆಯ ಕಿಂಡಿಗಳನ್ನು ಗಮನಿಸಿ. ಮೇಲಿನವು ದೂರದ ಶತ್ರುವಿಗೆ, ನಡುವಿನವು ಸಮೀಪಿಸಿದವನಿಗೆ, ಕೆಳಗಿನವು ಗೋಡೆಯ ಬುಡಕ್ಕೆ ಬಂದವನಿಗೆ ಗುರಿಯಿಟ್ಟವು. ಮೆಟ್ಟಿಲುಗಳುಳ್ಳ ಕೆರೆ, ಮದ್ದಿನ ಮನೆ, ಸುಮಾರು 30 ಅಡಿ ಎತ್ತರದ ವೀಕ್ಷಣಾ ಗೋಪುರ, ಕಡಲಿನತ್ತ ತೆರೆಯುವ ಸುರಂಗ, ಇವೆಲ್ಲ ಇದು ಅರಸನ ವಿಲಾಸದ ಅರಮನೆಯಲ್ಲ, ಕಾವಲಿನವರ ಠಾಣೆ ಎಂದು ಹೇಳುತ್ತವೆ. ಬಾಗಿಲ ಬಳಿ ಆಂಜನೇಯನ ಗುಡಿಯಿದೆ. ಅನತಿ ದೂರದಲ್ಲಿ ಟಿಪ್ಪು ಕಾಲದ್ದೆಂದು ಹೇಳುವ ಮಸೀದಿಯಿದೆ. ಇತಿಹಾಸವನ್ನು ಹಂಚಿಕೊಂಡು ಜಗಳಾಡುವವರಿಗೆ ಈ ನೆರೆಹೊರೆಯೇ ಉತ್ತರ.

ಉತ್ಸವಗಳನ್ನು ದೂರಬೇಕಾಗಿಲ್ಲ. ಅವುಗಳಿಂದ ಊರಿನ ಅಂಗಡಿಯವರಿಗೆ, ರಿಕ್ಷಾದವರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೆ ವೇದಿಕೆ ಕೋಟೆಯ ಹೊರಗಿರುವುದೇ ಸರಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣವನ್ನು ಕಾನೂನೇ ನಿಷೇಧಿಸಿದೆ. ಗೋಡೆಯನ್ನು ಕಾಯಲು ಕಾನೂನು ಸಾಕಾದೀತು. ಅದರ ಕಥೆಯನ್ನು ಕಾಯಲು ತಿಳಿದವರು ಬೇಕು.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಬಾರಿ ಬೇಕಲಕ್ಕೆ ಹೋದಾಗ ಫೋಟೋ ತೆಗೆಯಿರಿ, ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. ಮರಳಿ ಬಂದು ಒಂದು ಪುಟವಾದರೂ ಬರೆಯಿರಿ. ಆನಂತರ ನಿಮ್ಮ ಮನೆಯ ಹತ್ತಿರದ ಜಮಾಲಾಬಾದನ್ನೂ ಅದೇ ಕಣ್ಣಿನಿಂದ ನೋಡಿ. ಕಟ್ಟಿದವರು ಹೋದರು, ಕಾದವರೂ ಹೋದರು. ಉಳಿದ ಕಾವಲು ಈಗ ನಮ್ಮ ಪಾಲಿಗೆ ಬಂದಿದೆ.