ಮನೆಯ ಹಿಂದಿನ ಗಲ್ಲಿ

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ತಿರುಗಾಡುವಾಗ, ಹಳೆಯ ಮನೆಗಳ ಬೆನ್ನಿಗೆ ಹಾಯ್ದುಹೋದ ಇಕ್ಕಟ್ಟಾದ ದಾರಿಗಳನ್ನು ನಾನು ನಿಂತು ನೋಡುವುದುಂಟು. ಬೆಂಗಳೂರಿಗರು ಇವನ್ನು ಕನ್ಸರ್ವೆನ್ಸಿ ಗಲ್ಲಿಗಳೆನ್ನುತ್ತಾರೆ.

1898ರಲ್ಲಿ ಊರಿಗೆ ಪ್ಲೇಗು ಬಂತು. ಗೋಡೆಗೆ ಗೋಡೆ ತಾಗಿದ ಪೇಟೆಯ ಮನೆಗಳಲ್ಲಿ ಗಾಳಿ ಬೆಳಕುಗಳಿಲ್ಲದಿದ್ದುದೇ ಈ ಮಾರಿಗೆ ಇಂಬಾಯಿತೆಂದು ಅಂದಿನವರು ಬಗೆದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೆಳೆದುದು ಆ ಭಯದಿಂದಲೇ. ನೆಟ್ಟನೆಯ ಅಗಲ ರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಅಳತೆಯಿಟ್ಟು ಹಂಚಿದ ನಿವೇಶನಗಳು, ಮನೆಯ ಸುತ್ತ ಒಂದಿಷ್ಟು ಬಯಲು: ಎಲ್ಲವೂ ಆರೋಗ್ಯದ ಹೆಸರಿನಲ್ಲಿ ಬಂದವು.

ಹಿಂದಿನ ಗಲ್ಲಿಯೂ ಹಾಗೆಯೇ ಬಂತು. ಒಳಚರಂಡಿಯಿಲ್ಲದ ಆ ಕಾಲದಲ್ಲಿ ಕಕ್ಕಸಿನ ಮಲವನ್ನು ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದುಹೋಗಬೇಕಾಗಿತ್ತು. ನಮಗೆ ಗಾಳಿ ಬೆಳಕನ್ನಿತ್ತ ನಕ್ಷೆಯೇ ಅವರಿಗೆ ಮರೆಯ ದಾರಿಯನ್ನು ಗೆರೆಯೆಳೆದು ಕೊಟ್ಟಿತು.

1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾನೂನೂ ಬಂತು. ಗಲ್ಲಿಗಳು ಮಾತ್ರ ಅಲ್ಲಲ್ಲಿ ಉಳಿದಿವೆ.

ಇಂದು ಸೈಟು ಕೊಳ್ಳುವ ನಾವು ಮೂವತ್ತು-ನಲವತ್ತೋ, ನಲವತ್ತು-ಅರವತ್ತೋ, ರಸ್ತೆ ಎಷ್ಟು ಅಡಿ ಎಂದು ವಿಚಾರಿಸುತ್ತೇವೆ. ನಮ್ಮ ಕಸ ಎತ್ತುವವರು ಯಾವ ದಾರಿಯಲ್ಲಿ ಬರುತ್ತಾರೆಂದು ವಿಚಾರಿಸಿದವರನ್ನು ನಾನಿನ್ನೂ ಕಂಡಿಲ್ಲ. ನಾನೂ ವಿಚಾರಿಸಿರಲಿಲ್ಲ.