ಅಜ್ಜನ ಕಾಲದ ಖರ್ಚು, ಮೊಮ್ಮಗನ ಕಾಲಕ್ಕೆ ಬಿಲ್: ಕೇಪ್ ಕಾಡ್‌ನ ಅಂತರ್ಜಲದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಕಥೆ ಒಂದು ಡ್ರಮ್ಮಿನಿಂದ ಶುರುವಾಗ್ತದೆ.

1977ರಲ್ಲಿ ಡೇವಿಡ್ ಲೀ ಅನ್ನೋ ವಿಜ್ಞಾನಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಕೆರೆಗಳ ಮತ್ತು ಅಳಿವೆಗಳ ತಳದಿಂದ ಎಷ್ಟು ನೀರು ಒಸರ್ತದೆ ಅಂತ ಅಳೆಯೋ ಉಪಕರಣದ ಬಗ್ಗೆ. ಉಪಕರಣ ಅಂದ ಕೂಡಲೇ ದೊಡ್ಡದೇನೋ ಅಂದ್ಕೋಬೇಡಿ. ಎಣ್ಣೆ ತುಂಬಿಸೋ ಸ್ಟೀಲ್ ಡ್ರಮ್ ಇರ್ತದಲ್ಲ, ಅದರ ಒಂದು ತುದಿಯನ್ನ ಕೊಯ್ಯೋದು. ಬೋರಲು ಹಾಕಿ ನೀರಿನ ತಳದ ಮರಳಿಗೆ ಒತ್ತೋದು. ಮೇಲಿನ ತೂತಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟೋದು. ಸ್ವಲ್ಪ ಹೊತ್ತು ಬಿಟ್ಟು ಚೀಲದಲ್ಲಿ ಎಷ್ಟು ನೀರು ಸೇರಿದೆ ಅಂತ ನೋಡೋದು. ಅಷ್ಟೇ!

ಸಮುದ್ರದ ತಳದಿಂದ ಸಿಹಿನೀರು ಬರ್ತದೆ ಅನ್ನೋದು ಹೊಸ ವಿಷಯ ಅಲ್ಲ. ಸುಮಾರು 2000 ವರ್ಷದ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಸಿರಿಯಾ ಕರಾವಳಿಯ ಒಂದು ದ್ವೀಪದ ಬಗ್ಗೆ ಬರೆದಿದ್ದಾನೆ. ಈಗ ಅದನ್ನ ಅರ್ವಾದ್ ಅಂತಾರೆ. ಯುದ್ಧ ಬಂದಾಗ ಅಲ್ಲಿನವರು ದೋಣಿಯಲ್ಲಿ ಹೋಗಿ, ಕಡಲ ತಳದ ಒರತೆಯ ಮೇಲೆ ಸೀಸದ ಆಲಿಕೆಯನ್ನ ಬೋರಲು ಇಳಿಸ್ತಿದ್ದರು. ಆಲಿಕೆಗೆ ಚರ್ಮದ ಕೊಳವೆ. ಮೊದಲು ಉಪ್ಪುನೀರು, ಆಮೇಲೆ ಕುಡಿಯೋ ನೀರು ಮೇಲೆ ಬರ್ತಿತ್ತು. ಯೋಚಿಸಿ ನೋಡಿ, ಲೀ ಅವರ ಡ್ರಮ್ಮೂ ಅದೇ ಐಡಿಯಾ ಅಲ್ವಾ?

ಹಾಗಾದ್ರೆ ನಡುವೆ ಇಷ್ಟು ಕಾಲ ಯಾಕೆ ಯಾರೂ ಇದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ? ಕಾರಣ ಸಿಂಪಲ್. ನದಿ ಕಣ್ಣಿಗೆ ಕಾಣ್ತದೆ, ಅದರ ನೀರನ್ನ ಅಳೀಬಹುದು. ಮಣ್ಣಿನೊಳಗೆ ಇಂಗಿದ ಮಳೆನೀರು ನಿಧಾನಕ್ಕೆ ಇಳಿದು, ಮೈಲುಗಟ್ಟಲೆ ಅಂಚಿನುದ್ದಕ್ಕೂ ಕೆರೆಗೆ, ಅಳಿವೆಗೆ, ಕಡಲಿಗೆ ಒಸರ್ತಾ ಇರ್ತದೆ. ಅದು ಯಾರಿಗೂ ಕಾಣಲ್ಲ. ಕಾಣದ್ದು ಲೆಕ್ಕಪುಸ್ತಕದಲ್ಲಿ ಬರಲ್ಲ.

ನಾನು ಓದಿದ್ದು ಬಿ.ಕಾಂ. ಅಕೌಂಟ್ಸ್ ಕ್ಲಾಸಿನಲ್ಲಿ ಔಟ್‌ಸ್ಟ್ಯಾಂಡಿಂಗ್ ಖರ್ಚು ಅಂತ ಹೇಳಿಕೊಡ್ತಿದ್ದರು. ಖರ್ಚು ಈಗಾಗಲೇ ಆಗಿದೆ, ದುಡ್ಡು ಮಾತ್ರ ಇನ್ನೂ ಕೊಟ್ಟಿಲ್ಲ. ಪುಸ್ತಕದಲ್ಲಿ ಬರೆಯದೆ ಬಿಟ್ರೆ ಲಾಭ ಜಾಸ್ತಿ ಕಾಣ್ತದೆ, ಆದ್ರೆ ಅದು ಸುಳ್ಳು ಲಾಭ. ಅಮೆರಿಕದ ಕೇಪ್ ಕಾಡ್‌ನಲ್ಲಿ ಆಗಿದ್ದು ಸರಿಯಾಗಿ ಇದೇ.

ಕೇಪ್ ಕಾಡ್ ಅಂದ್ರೆ ಮ್ಯಾಸಚೂಸೆಟ್ಸ್ ರಾಜ್ಯದಿಂದ ಅಟ್ಲಾಂಟಿಕ್ ಕಡೆಗೆ ಮಡಚಿದ ತೋಳಿನ ಹಾಗೆ ಚಾಚಿರೋ ಭೂಮಿ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮರಳು, ಜಲ್ಲಿ ಅಲ್ಲಿನ ನೆಲ. ಮಳೆ ಬಿದ್ರೆ ಹರಿಯೋದು ಕಡಿಮೆ, ಇಂಗೋದೇ ಜಾಸ್ತಿ. ಜನ ಕುಡಿಯೋದೂ ಅದೇ ನೀರು. ಬಚ್ಚಲು, ಕಕ್ಕಸಿನ ನೀರು ಹೋಗೋದೂ ಅದೇ ಮರಳಿಗೆ, ಸೆಪ್ಟಿಕ್ ಟ್ಯಾಂಕಿನ ಮೂಲಕ.

1950ರಲ್ಲಿ ಅಲ್ಲಿ ಸುಮಾರು 47 ಸಾವಿರ ಜನ ಇದ್ದರು. 2000ಕ್ಕೆ 2 ಲಕ್ಷ 22 ಸಾವಿರ. ಬೇಸಿಗೆಗೆ ಬರೋ ಪ್ರವಾಸಿಗರು ಬೇರೆ. ಕಾಡು ಕಡಿದು ಮನೆ ಕಟ್ಟಿದರು, ಮನೆಗೊಂದು ಟ್ಯಾಂಕ್. ಇಲ್ಲಿ ಒಂದು ಮಾತು ಗಮನಿಸಿ: ಇದರಲ್ಲಿ ವಿಲನ್ ಯಾರೂ ಇಲ್ಲ. ಟ್ಯಾಂಕ್ ನಿಯಮದ ಪ್ರಕಾರವೇ ಇತ್ತು. ಮರಳು ರೋಗಾಣುಗಳನ್ನ ಬಹುಮಟ್ಟಿಗೆ ತಡೀತಿತ್ತು. ಆದ್ರೆ ಮೂತ್ರದಲ್ಲಿರೋ ನೈಟ್ರೋಜನ್ ನೈಟ್ರೇಟ್ ಆಗಿ ನೀರಿನ ಜೊತೆ ಸಲೀಸಾಗಿ ಜಾರಿಹೋಗ್ತದೆ, ಮರಳಿಗೆ ಅಂಟಲ್ಲ.

ಅದರ ಸ್ಪೀಡ್ ಎಷ್ಟು? ದಿನಕ್ಕೆ ಒಂದೆರಡು ಅಡಿ. ಬಸವನಹುಳುವಿಗಿಂತ ನಿಧಾನ. ಅಂದ್ರೆ ಕಡಲಿಂದ ಒಂದೂವರೆ ಕಿಲೋಮೀಟರ್ ದೂರದ ಮನೆಯಲ್ಲಿ ಇವತ್ತು ಫ್ಲಶ್ ಮಾಡಿದ್ದು ಅಳಿವೆ ಮುಟ್ಟೋಕೆ ಸುಮಾರು 10 ವರ್ಷ ಬೇಕು. ಇನ್ನೂ ಒಳಗಿನ ಮನೆಗಳದ್ದಕ್ಕೆ ಇನ್ನೂ ಹಲವು ವರ್ಷ.

ಈ ಬಿಲ್ ಮೊದಲು ಬಂದ ಜಾಗಗಳಲ್ಲಿ ವಾಕ್ವಾಯ್ಟ್ ಬೇ ಒಂದು. ಅದು ಆಳ ಇಲ್ಲದ ಅಳಿವೆ. ತಳದ ತುಂಬ ಈಲ್‌ಗ್ರಾಸ್ ಅನ್ನೋ ಕಡಲಹುಲ್ಲು. ಹುಲ್ಲಿನ ನಡುವೆ ಸ್ಕ್ಯಾಲಪ್ ಬೆಳೀತಿತ್ತು. ನಮ್ಮ ಮರುವಾಯಿಗೆ ದೂರದ ನೆಂಟ ಅಂದ್ಕೊಳ್ಳಿ, ಎರಡು ಚಿಪ್ಪಿನ ಜೀವಿ. ನೈಟ್ರೋಜನ್ ಹೆಚ್ಚಾಗ್ತಿದ್ದಂತೆ ಪಾಚಿ ದಪ್ಪ ಹೊದಿಕೆಯಾಗಿ ಬೆಳೀತು. ಬಿಸಿಲು ಸಿಗದೆ ಹುಲ್ಲು ಸತ್ತಿತು. 1950ರ ದಶಕದಲ್ಲಿ ಬೇ ತುಂಬ ಇದ್ದ ಹುಲ್ಲು 1990ರ ಹೊತ್ತಿಗೆ ಬಹುಪಾಲು ಮಾಯ. ಅದರ ಜೊತೆ ಸ್ಕ್ಯಾಲಪ್ ಕೂಡ. ಬೇಸಿಗೆಯಲ್ಲಿ ಮೋಡ ಕವಿದು ಗಾಳಿ ನಿಂತ ದಿನಗಳಲ್ಲಿ ಪಾಚಿಯೇ ಆಕ್ಸಿಜನ್ ಎಲ್ಲ ಉಸಿರಾಡಿ ಮುಗಿಸ್ತಿತ್ತು. 1980ರ ದಶಕದ ಕೊನೆಗೆ ಸತ್ತ ಮೀನು, ಏಡಿ ದಡಕ್ಕೆ ಬಂದು ಬಿದ್ದವು.

ವುಡ್ಸ್ ಹೋಲ್‌ನಲ್ಲಿದ್ದ ಇವಾನ್ ವಾಲಿಯೆಲಾ ಮತ್ತು ಅವರ ತಂಡ ಇದನ್ನ ವರ್ಷಗಟ್ಟಲೆ ಅಧ್ಯಯನ ಮಾಡಿತು. ಒಂದೇ ಬೇಗೆ ಸೇರೋ ಎರಡು ಜಾಗ ನೋಡಿದರು. ಚೈಲ್ಡ್ಸ್ ರಿವರ್ ಸುತ್ತ ಮನೆಗಳು, ಸೇಜ್ ಲಾಟ್ ಪಾಂಡ್ ಸುತ್ತ ಕಾಡು. ಮನೆ ಇರೋ ಕಡೆ ಪಾಚಿ, ಕಾಡಿರೋ ಕಡೆ ಇನ್ನೂ ಕಡಲಹುಲ್ಲು.

1997ರಲ್ಲಿ ಅವರು ಕೊಟ್ಟ ಲೆಕ್ಕ ನನಗೆ ತುಂಬ ಇಷ್ಟ. ಇಡೀ ಪ್ರದೇಶದ ನೆಲಕ್ಕೆ ಬೀಳೋ ನೈಟ್ರೋಜನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಳೆ, ಗಾಳಿಯಿಂದ ಬರ್ತದೆ. ಮನೆಗಳ ಕೊಳಚೆಯದ್ದು ಕಾಲು ಭಾಗದ ಆಸುಪಾಸು. ಆದ್ರೆ ಅಳಿವೆಗೆ ಬಂದು ಮುಟ್ಟೋದರಲ್ಲಿ ಕೊಳಚೆಯ ಪಾಲು ಹೆಚ್ಚುಕಡಿಮೆ ಅರ್ಧ! ಯಾಕೆ? ಮಳೆ ತಂದದ್ದನ್ನ ಮರ, ಗಿಡ, ಮೇಲ್ಮಣ್ಣು ಹೀರಿಕೊಳ್ತವೆ. ಟ್ಯಾಂಕಿನದ್ದು ಬೇರಿಗೂ ಸಿಗದೆ ನೇರ ಕೆಳಗೆ ಇಳೀತದೆ.

ಇದು ಅಳಿವೆಯ ಕಥೆ. ಕೆರೆಗಳದ್ದು? ಕೇಪ್ ಕಾಡ್‌ನಲ್ಲಿ ಆಶುಮೆಟ್ ಪಾಂಡ್ ಅಂತ ಒಂದು ಕೆರೆ ಇದೆ. ಹಿಮಗಡ್ಡೆ ಕರಗಿದ ಗುಂಡಿಯಲ್ಲಿ ಆದದ್ದು. ಹತ್ತಿರದ ಮಿಲಿಟರಿ ನೆಲೆಯವರು 1936ರಿಂದ 1995ರವರೆಗೆ, ಸುಮಾರು 60 ವರ್ಷ, ಸಂಸ್ಕರಿಸಿದ ಕೊಳಚೆ ನೀರನ್ನ ಮರಳಿನ ಮೇಲೆ ಬಿಟ್ಟು ಇಂಗಿಸಿದರು. ಸಿಹಿನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಪಾಚಿ ಹೆಚ್ಚಿಸೋದು ಫಾಸ್ಫರಸ್. ಇದು ನೈಟ್ರೇಟ್ ಹಾಗಲ್ಲ, ಮರಳಿಗೆ ಅಂಟ್ತದೆ, ಮೆಲ್ಲಗೆ ಬಿಡ್ತದೆ. 1995ರಲ್ಲಿ ನಲ್ಲಿ ಬಂದ್ ಆಯ್ತು. ಆದ್ರೂ ಮರಳಿಗೆ ಅಂಟಿದ್ದು ಕೆರೆಗೆ ಬರ್ತಾನೇ ಇತ್ತು. ಕೊನೆಗೆ 2004ರಲ್ಲಿ ಆ ನೀರು ಒಸರೋ ಕೆರೆಯ ಅಂಚಿನ ತಳದಲ್ಲಿ, ಫಾಸ್ಫರಸ್ ಹಿಡಿದಿಟ್ಟುಕೊಳ್ಳಲಿ ಅಂತ ಕಬ್ಬಿಣದ ಪುಡಿ ಬೆರೆಸಿದ ಪದರ ಹೂತರು. ತಪ್ಪು ನಿಲ್ಲಿಸಿ 9 ವರ್ಷ ಆದ ಮೇಲೆ!

ಈಗ ಜಗಳದ ಭಾಗ. 2023ರ ಜುಲೈನಿಂದ ಮ್ಯಾಸಚೂಸೆಟ್ಸ್‌ನಲ್ಲಿ ಹೊಸ ನಿಯಮ ಬಂತು. ಕೇಪ್ ಕಾಡ್‌ನಲ್ಲಿ ನೈಟ್ರೋಜನ್‌ನಿಂದ ಕೆಟ್ಟಿರೋ ಅಳಿವೆಗಳಿಗೆ ನೀರು ಹರಿಯೋ ಊರುಗಳು, 20 ವರ್ಷದವರೆಗಿನ ಯೋಜನೆ ಮಾಡಿ ಪರ್ಮಿಟ್ ತಗೊಳ್ಳಬಹುದು. ಇಲ್ಲಾಂದ್ರೆ ಮನೆಯವರೇ ನೈಟ್ರೋಜನ್ ತೆಗೆಯೋ ಸಿಸ್ಟಮ್ ಹಾಕಿಸಬೇಕು. ಎರಡೂ ದುಬಾರಿ. ಪೆನ್ಷನ್‌ನಲ್ಲಿ ಬದುಕೋ ಮುದುಕರು, ಮೊನ್ನೆ ಮೊನ್ನೆ ಸಾಲ ಮಾಡಿ ಮನೆ ಕೊಂಡವರು, ಎಲ್ಲರದ್ದೂ ಒಂದೇ ಪ್ರಶ್ನೆ: ಹಿಂದಿನವರ ಖರ್ಚಿಗೆ ನಾವ್ಯಾಕೆ ಕೊಡಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಅವರು ಕೊಡದಿದ್ರೆ ಇವತ್ತಿನ ಖರ್ಚು ಅವರ ಮಕ್ಕಳ ತಲೆ ಮೇಲೆ ಬರ್ತದೆ. ಇವತ್ತೇ ಎಲ್ಲ ಸರಿಮಾಡಿದ್ರೂ ದಾರಿಯಲ್ಲಿರೋ ಹಳೇ ನೀರು ಇನ್ನೂ ಕೆಲವು ವರ್ಷ ಬರ್ತಾನೇ ಇರ್ತದೆ. ಹಾಗಾಗಿ ಮೊದಲ ಕೆಲವು ವರ್ಷ ದುಡ್ಡು ಕೊಟ್ಟವರಿಗೆ ಫಲ ಕಾಣಲ್ಲ. ರಾಜಕಾರಣಿಗಳಿಗೆ ಇಂಥ ಕೆಲಸ ಯಾಕೆ ಕಷ್ಟ ಅಂತ ಈಗ ಅರ್ಥ ಆಯ್ತಾ?

ನಾನು ಕರಾವಳಿಯವನು. ನಮ್ಮದು ಮರಳು ಅಲ್ಲ, ಬಹುಪಾಲು ಮುರಕಲ್ಲಿನ ನೆಲ. ಮಳೆಯ ಲೆಕ್ಕವೂ ಬೇರೆ. ಕೇಪ್ ಕಾಡ್‌ನ ವರ್ಷಗಳನ್ನ ಇಲ್ಲಿಗೆ ಹಾಗೇ ತಂದು ಅಂಟಿಸೋಕೆ ಆಗಲ್ಲ. ಆದ್ರೆ ಮನೆಗೊಂದು ಬಾವಿ, ಮನೆಗೊಂದು ಪಿಟ್, ಕೆಳಗೆ ಅಳಿವೆ ಅನ್ನೋ ನಕ್ಷೆ ನಮ್ಮದೂ ಹೌದು. ಮನೆ ಕಟ್ಟುವಾಗ ನಾವು ಸಾಮಾನ್ಯವಾಗಿ ಕೇಳೋದು ಒಂದೇ: ಬಾವಿಯಿಂದ ಪಿಟ್ ಎಷ್ಟು ದೂರ? ಪಿಟ್‌ನಿಂದ ಹೊಳೆ ಎಷ್ಟು ದೂರ, ನೀರು ಯಾವ ಕಡೆ ಇಳೀತದೆ ಅಂತ ಕೇಳೋದು ನಾನಂತೂ ಕೇಳಿಲ್ಲ.

ಈ ಸಲ ಊರಿಗೆ ಹೋದಾಗ ನೀವು ಒಮ್ಮೆ ಕೇಳಿ ನೋಡಿ. ಸಿಕ್ಕ ಉತ್ತರ ನನಗೂ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.