ಮಂಚದ ಪಕ್ಕದ ಚಾಪೆ

1/4
ಮೊದಲನೇ ಫೋಟೋದಲ್ಲಿ ಇರೋದು ಬರೀ ಒಂದು ಚಾಪೆ. ವಾರ್ಡ್ ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ತೆಗೀಲೂಬಾರ್ದು. ಹಾಗಾಗಿ ಮನೆಗೆ ಬಂದ್ಮೇಲೆ ಟೆರೇಸ್ ಮೇಲೆ ಹಾಸಿ ತೆಗೆದದ್ದು. ಮೂರನೇ ಸೆಮಿಸ್ಟರ್ ಟೈಮಲ್ಲಿ ಮನೋರೋಗ ವಾರ್ಡೊಂದರಲ್ಲಿ ಅಮ್ಮನ ಮಂಚದ ಪಕ್ಕ ಇದರ ಮೇಲೆ 16 ರಾತ್ರಿ ಮಲಗಿದ್ದೆ. (ಅಮ್ಮನಿಗೆ ಓದಿ ತೋರಿಸಿ, ಒಪ್ಪಿಗೆ ತಗೊಂಡೇ ಹಾಕ್ತಿದೀನಿ. ಊರಲ್ಲಿ ಆಗ ಎಲ್ರಿಗೂ ಹೇಳಿದ್ದು "ಗ್ಯಾಸ್ಟ್ರಿಕ್" ಅಂತ.)

ಒಳಗೆ ಹೋಗುವಾಗ ದುಪಟ್ಟಾ, ಚಾರ್ಜರ್ ವೈರು, ಗಾಜಿನ ಬಳೆ ಎಲ್ಲ ತೆಗೆಸಿದ್ರು. ಅಮ್ಮನಿಗೆ ಬಳೆ ತೆಗೆಯೋದೇ ದೊಡ್ಡ ಸಂಕಟ. ಮಾತ್ರೆ ನುಂಗಿದ್ಮೇಲೆ ಸಿಸ್ಟರ್ ಮುಂದೆ ಬಾಯಿ ತೆರೆದು ತೋರಿಸ್ಬೇಕು. ಮಧ್ಯಾಹ್ನ ಕೇರಂ, ಆಮೇಲೆ ನಿದ್ದೆ, ಆಮೇಲೆ ಮತ್ತೆ ಕಾಯೋದು. ಆಸ್ಪತ್ರೆ ಅಂದ್ರೆ ಮುಕ್ಕಾಲು ಭಾಗ ಕಾಯೋದೇ. ಮೊದಲನೇ ರಾತ್ರಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಬಿಟ್ಟು ಹೋಗಲ್ಲ ತಾನೆ?"

ಆ ಪ್ರಶ್ನೆಗೆ ಒಂದು ಹಿಸ್ಟರಿ ಇದೆ ಅಂತ ಆಗ ಗೊತ್ತಿರ್ಲಿಲ್ಲ.

2/4
ಯಾಕಂದ್ರೆ ಹಿಂದೆ ನಿಜವಾಗ್ಲೂ ಬಿಟ್ಟು ಹೋಗ್ತಿದ್ರು. ಬ್ರಿಟಿಷರ ಕಾಲದ 1912ರ ಕಾನೂನಿನ ಹೆಸರೇ ಇಂಡಿಯನ್ ಲೂನಸಿ ಆಕ್ಟ್. ಅದರಲ್ಲಿ ಸ್ವಂತ ಇಷ್ಟದಿಂದ ಸೇರೋಕೆ ಒಂದು ಸಣ್ಣ ದಾರಿ ಇತ್ತು. ಆದ್ರೆ ದೊಡ್ಡ ಬಾಗಿಲು ಅಂದ್ರೆ ಅರ್ಜಿ, ಡಾಕ್ಟರ್ ಸರ್ಟಿಫಿಕೇಟ್, ಮ್ಯಾಜಿಸ್ಟ್ರೇಟ್ ಆರ್ಡರ್. ಒಳಗೆ ಹೋಗೋದು ಕೋರ್ಟ್ ಕಾಗದದ ಮೇಲೆ ಅಂದ್ಮೇಲೆ ಜಾಗ ಕೂಡ ಜೈಲಿನ ಥರಾನೇ: ಎತ್ತರದ ಗೋಡೆ, ಬೀಗ, ಮನೆಯವರು ಗೇಟಿನ ಹೊರಗೆ. ಈ ಕಾನೂನು ಸ್ವಾತಂತ್ರ್ಯ ಬಂದ್ಮೇಲೂ ನಡೀತು. ಅದನ್ನ ಬದಲಾಯಿಸಿ ಮೆಂಟಲ್ ಹೆಲ್ತ್ ಆಕ್ಟ್ ಪಾಸಾಗಿದ್ದು 1987ರಲ್ಲಿ. ಅಂದ್ರೆ ನಮ್ಮಮ್ಮ ಹುಟ್ಟಿದಾಗ ಕಾನೂನಿನ ಕಣ್ಣಲ್ಲಿ ಇಂಥ ಪೇಷಂಟ್ ಇನ್ನೂ "ಲೂನಟಿಕ್"ಏ.

3/4
ಈಗ ಅಮೃತಸರಕ್ಕೆ ಬನ್ನಿ. ದೇಶ ಒಡೆದಾಗ ಪಂಜಾಬಿನ ದೊಡ್ಡ ಮಾನಸಿಕ ಆಸ್ಪತ್ರೆ ಲಾಹೋರಿನಲ್ಲಿ ಉಳೀತು. ಜನ, ಆಸ್ತಿ, ಫೈಲು ಹಂಚಿಕೊಂಡ ಹಾಗೆ ಎರಡು ಸರ್ಕಾರಗಳು ರೋಗಿಗಳನ್ನೂ ಹಂಚಿಕೊಂಡ್ವು. 1950ರಲ್ಲಿ ಲಾಹೋರಿನ ಹಿಂದೂ, ಸಿಖ್ ರೋಗಿಗಳನ್ನ ಗಡಿ ದಾಟಿಸಿ ಈ ಕಡೆ ತಂದ್ರು, ಈ ಕಡೆಯ ಮುಸ್ಲಿಂ ರೋಗಿಗಳು ಆ ಕಡೆ ಹೋದ್ರು. ಮಂಟೋ ಅವರ "ಟೋಬಾ ಟೇಕ್ ಸಿಂಗ್" ಕಥೆಯ ಹಿಂದೆ ಇರೋದು ಇದೇ ವಿನಿಮಯ. ನಿಮ್ಮನ್ನ ಎಲ್ಲಿಗೆ ಕಳಿಸ್ಬೇಕು ಅಂತ ನಿಮ್ಮನ್ನೊಬ್ಬರನ್ನ ಬಿಟ್ಟು ಮಿಕ್ಕೋರೆಲ್ಲ ಮಾತಾಡೋದು ಹೇಗಿರುತ್ತೆ ಯೋಚ್ನೆ ಮಾಡಿ.

ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂತ ಒಬ್ರು ಸೂಪರಿಂಟೆಂಡೆಂಟ್ ಇದ್ರು. ರೋಗಿಗಳು ತುಂಬಿದ್ರು, ಸಿಬ್ಬಂದಿ ಕಮ್ಮಿ. 1950ರ ದಶಕದಲ್ಲಿ ಅವರು ಮಾಡಿದ್ದು ಕೇಳೋಕೆ ತುಂಬಾ ಸಿಂಪಲ್: ಆಸ್ಪತ್ರೆ ಅಂಗಳದಲ್ಲಿ ಮಿಲಿಟರಿ ಟೆಂಟುಗಳನ್ನ ಹಾಕಿಸಿದ್ರು, ರೋಗಿ ಜೊತೆ ಮನೆಯವರೂ ಬಂದು ಇರಿ ಅಂದ್ರು. ಅಪ್ಪನೋ ಅಕ್ಕನೋ ಹೆಂಡ್ತಿನೋ ಅಲ್ಲೇ ಇದ್ದು ನೋಡ್ಕೊಳ್ಳೋದು. ಡಾಕ್ಟರು ರೋಗಿಗಳನ್ನ, ಮನೆಯವರನ್ನ ಒಟ್ಟಿಗೆ ಕೂರಿಸಿ ಕಾಯಿಲೆ ಬಗ್ಗೆ ಮಾತಾಡ್ತಿದ್ರು. ಹುಷಾರಾಗೋದನ್ನ ಕಣ್ಣಾರೆ ನೋಡಿದವರಿಗೆ ವಾಪಸ್ ಕರ್ಕೊಂಡು ಹೋಗೋಕೆ ಭಯ ಕಮ್ಮಿ ಆಯ್ತು. ಕ್ಲೋರ್‌ಪ್ರೊಮಝೀನ್ ಥರದ ಹೊಸ ಮಾತ್ರೆಗಳು ಬಂದದ್ದೂ ಅದೇ ದಶಕದಲ್ಲಿ, ಅದನ್ನ ಮರೀಬಾರ್ದು. 1957ರಲ್ಲಿ ಶುರುವಾದ ವೆಲ್ಲೂರು ಸಿಎಂಸಿಯ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರನ್ನ ಒಳಗೆ ಇಟ್ಕೊಂಡೇ ಚಿಕಿತ್ಸೆ ಕೊಡ್ತು. ಆಮೇಲೆ ನಮ್ಮ ನಿಮ್ಹಾನ್ಸ್ ಸೇರಿ ಬೇರೆ ಕಡೆನೂ ಈ ಪದ್ಧತಿ ಬಂತು.

ಅಂದ್ರೆ ನನ್ನ ಚಾಪೆ ಆ ಟೆಂಟಿನ ಮೊಮ್ಮಗಳು.

4/4
ಆದ್ರೆ ಬಿಕಾಂ ಬುದ್ಧಿ ಸುಮ್ನಿರಲ್ಲ. ಈ ಪದ್ಧತಿಯಲ್ಲಿ ಒಂದು ಖರ್ಚು ಯಾವ ಲೆಡ್ಜರ್‌ಗೂ ಹತ್ತಲ್ಲ: ಜೊತೆಗಿರೋರ ಸಂಬಳ. ನಮ್ಮ ವಾರ್ಡಲ್ಲಿ ಚಾಪೆ ಮೇಲೆ ಇದ್ದವರು ಹೆಚ್ಚುಕಮ್ಮಿ ಎಲ್ಲ ಹೆಂಗಸರೇ, ಗಂಡಸರ ಕಡೆಯವರೂ ಕೂಡ. ಒಬ್ರು ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದಿದ್ರು. ನಂದು ಎರಡು ಇಂಟರ್ನಲ್ಸ್ ಹೋಯ್ತು. ಅಣ್ಣನಿಗೆ ಆಫೀಸಿದೆ ಅಂತ ಯಾರೂ ಅವನನ್ನ ಕೇಳ್ಲೇ ಇಲ್ಲ. ಇದರ ಬಗ್ಗೆ ನಂಗೆ ಇನ್ನೂ ಸಿಟ್ಟಿದೆ. ಜೊತೆಗೆ ಬರೋಕೆ ಯಾರೂ ಇಲ್ಲದವರ ಕಥೆ ಏನು ಅನ್ನೋದು ಇನ್ನೊಂದು ಪ್ರಶ್ನೆ.

2017ರ ಹೊಸ ಕಾನೂನನ್ನ ವಾರ್ಡಲ್ಲೇ ಫೋನಿನಲ್ಲಿ ಓದಿದೆ. ಬಲವಂತವಾಗಿ ತಲೆ ಬೋಳಿಸೋ ಹಾಗಿಲ್ಲ, ಸರಪಳಿ ಹಾಕೋ ಹಾಗಿಲ್ಲ, ಕೆಲಸ ಮಾಡಿಸಿದ್ರೆ ಕೂಲಿ ಕೊಡ್ಬೇಕು, ಬೇಕಂದ್ರೆ ಸ್ವಂತ ಬಟ್ಟೆ ಹಾಕ್ಕೋಬಹುದು. ಇಷ್ಟನ್ನೂ ಕಾನೂನಲ್ಲಿ ಬರೀಬೇಕಾಯ್ತು ಅಂದ್ರೆ ಮುಂಚೆ ಏನೇನು ನಡೀತಿತ್ತು ಲೆಕ್ಕ ಹಾಕಿ. ಸ್ವಂತ ಬಟ್ಟೆ ವಿಷಯ ಓದಿ ಹೇಳಿದಾಗ ಅಮ್ಮ ಮೊದಲನೇ ಸಲ ನಕ್ಕಿದ್ದು: "ಹಾಗಾದ್ರೆ ಆ ಹಸಿರು ಸೀರೆ ತರ್ಸು."

ಹನ್ನೊಂದನೇ ದಿನ ಅಪ್ಪ ತಂದ್ರು. ತಂದಿದ್ದು ನೀಲಿ.

ಮುಂದಿನ ಮಂಗಳವಾರ ಫಾಲೋಅಪ್ ಇದೆ. ಬೆಳಿಗ್ಗೆ ಹೋಗಿ ಸಂಜೆ ಬರೋದು. ಈ ಸಲ ಅಣ್ಣ ರಜೆ ಹಾಕ್ತಾನಂತೆ, ನೋಡ್ಬೇಕು.